ಮಾಂಸಕ್ಕೊಂದು ಹದ, ಆಲೂಗಡ್ಡೆಗೊಂದು ಹದ: ಸ್ಲೋ ಕುಕ್ಕರ್‌ನಲ್ಲಿ ಬೀಫ್ ಪಾಟ್ ರೋಸ್ಟ್

ಬೆಳಿಗ್ಗೆ ಎಂಟಕ್ಕೆ ಮಾಂಸ, ಆಲೂಗಡ್ಡೆ, ಈರುಳ್ಳಿ ಎಲ್ಲವನ್ನೂ ಸ್ಲೋ ಕುಕ್ಕರ್ ಎಂಬ, ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗೆ ತುಂಬಿ, ಅದರ ಲೋ, ಹೈ ಎಂಬ ಎರಡು ಗುರುತುಗಳಲ್ಲಿ ಲೋ ಮೇಲೆ ಇಟ್ಟು ಕೆಲಸಕ್ಕೆ ಹೊರಟರೆ ಸಂಜೆಗೆ ಪಾಟ್ ರೋಸ್ಟ್, ಅಂದರೆ ದೊಡ್ಡ ಮಾಂಸದ ತುಂಡನ್ನು ತರಕಾರಿಯೊಂದಿಗೆ ನಿಧಾನಕ್ಕೆ ಬೇಯಿಸಿದ ಊಟ, ಸಿದ್ಧ ಎಂಬುದು ಅಮೆರಿಕದ ಮನೆಗಳ ಲೆಕ್ಕಾಚಾರ. ಹೊಸದಾಗಿ ಕುಕ್ಕರ್ ಕೊಂಡವರಿಗೆ ಆ ಲೆಕ್ಕ ಮೊದಲ ಸಲವೇ ಕೂಡಿಬರುವುದು ಕಡಿಮೆ. ಸಂಜೆ ಮುಚ್ಚಳ ತೆಗೆದಾಗ ಮಾಂಸ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿರುತ್ತದೆ, ಆಲೂಗಡ್ಡೆ ಮಾತ್ರ ನಡುವೆ ಇನ್ನೂ ಕಚಕಚ ಅನ್ನುತ್ತಿರುತ್ತದೆ. ಮುಂದಿನ ವಾರ ಹೈ ಮೇಲೆ ಇಟ್ಟರೆ ಉಲ್ಟಾ: ಆಲೂಗಡ್ಡೆಯ ಅಂಚೆಲ್ಲ ಕರಗಿ ಸಾರಿಗೆ ಸೇರಿದೆ, ಮಾಂಸ ಎಷ್ಟು ಅಗಿದರೂ ರಬ್ಬರಿನಂತೆ.

ಎರಡೂ ಸಲ ತಪ್ಪಿರುವುದು ಮಸಾಲೆಯಲ್ಲಲ್ಲ, ಕುಕ್ಕರಿನಲ್ಲೂ ಅಲ್ಲ. ದನದ ಮಾಂಸ ಮೆತ್ತಗಾಗುವ ಬಗೆಯೇ ಬೇರೆ, ಆಲೂಗಡ್ಡೆ ಬೇಯುವ ಬಗೆಯೇ ಬೇರೆ. ಮಾಂಸ ಕೇಳುವುದು ಹೊತ್ತನ್ನು, ಆಲೂಗಡ್ಡೆ ಕೇಳುವುದು ಕಾವನ್ನು. ಸ್ಲೋ ಕುಕ್ಕರ್ ಹೊತ್ತನ್ನು ಧಾರಾಳವಾಗಿ ಕೊಡುತ್ತದೆ, ಕಾವನ್ನು ಮಾತ್ರ ಬಹಳ ನಿಧಾನಕ್ಕೆ ಬಿಡುತ್ತದೆ. ಇದೊಂದು ತಿಳಿದಿದ್ದರೆ ಯಾವುದನ್ನು ಕೆಳಗೆ ಹಾಕಬೇಕು, ಎಷ್ಟು ದಪ್ಪ ಹೆಚ್ಚಬೇಕು, ಹುಳಿಯನ್ನು ಯಾವಾಗ ಸೇರಿಸಬೇಕು ಎಂಬುದೆಲ್ಲ ತಾನಾಗಿ ಹೊಳೆಯುತ್ತದೆ.

ಈ ಪಾತ್ರೆ ಹುಟ್ಟಿದ್ದೇ ಮಾಂಸ ಮತ್ತು ಆಲೂಗಡ್ಡೆಯ ಅಡುಗೆಯಿಂದ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಯಹೂದಿಗಳಲ್ಲಿ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ. ಪೂರ್ವ ಯುರೋಪಿನ ಊರುಗಳಲ್ಲಿ ಅವರು ದನದ ಮಾಂಸ, ಆಲೂಗಡ್ಡೆ, ಒಣ ಬೀನ್ಸ್, ಬಾರ್ಲಿ ತುಂಬಿದ ಮಡಕೆಯನ್ನು ಅದಕ್ಕೂ ಮುಂಚೆಯೇ ಬೇಕರಿಗೆ ಕೊಟ್ಟುಬರುತ್ತಿದ್ದರು. ಆರುತ್ತಾ ಬಂದ ಒಲೆಯ ಉಳಿದ ಕಾವಿನಲ್ಲಿ ಅದು ರಾತ್ರಿಯಿಡೀ ಬೆಂದು ಶನಿವಾರದ ಮಧ್ಯಾಹ್ನದೂಟಕ್ಕೆ ಸಿದ್ಧವಾಗುತ್ತಿತ್ತು. ಆ ಅಡುಗೆಯ ಹೆಸರು ಚೋಲೆಂಟ್. ಲಿಥುವೇನಿಯಾದ ವಿಲ್ನಿಯಸ್‌ನ ಈ ಪದ್ಧತಿಯನ್ನು ತಾಯಿಯ ಬಾಯಿಂದ ಕೇಳಿದ್ದ ಷಿಕಾಗೋದ ಇಂಜಿನಿಯರ್ ಇರ್ವಿಂಗ್ ನ್ಯಾಕ್ಸನ್, ಒಳಮಡಕೆಯನ್ನು ಸುತ್ತಲಿಂದ ಸಮವಾಗಿ ಕಾಯಿಸುವ ವಿದ್ಯುತ್ ಪಾತ್ರೆಗೆ 1936ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1940ರಲ್ಲಿ ಅದು ಕೈಸೇರಿತು. 1970ರಲ್ಲಿ ಅವರ ವ್ಯವಹಾರವನ್ನು ಕೊಂಡ ಕನ್ಸಾಸ್ ಸಿಟಿಯ ರೈವಲ್ ಕಂಪನಿ ಮರುವರ್ಷ ಅದನ್ನೇ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಇಂದಿಗೂ ಬಹುಪಾಲು ಸ್ಲೋ ಕುಕ್ಕರುಗಳಲ್ಲಿ ಕಾವಿನ ಪಟ್ಟಿ ಇರುವುದು ತಳದಲ್ಲಲ್ಲ, ಗೋಡೆಯ ಸುತ್ತ. ಆದ್ದರಿಂದ ಒಳಗಿನ ಪಿಂಗಾಣಿ ಪಾತ್ರೆಯ ಅಂಚು ಮೊದಲು ಕಾಯುತ್ತದೆ, ನಟ್ಟನಡುವೆ ಮತ್ತು ಮೇಲ್ಭಾಗ ಕೊನೆಗೆ. ಆರು ಕ್ವಾರ್ಟ್, ಅಂದರೆ ಸುಮಾರು 5.7 ಲೀಟರಿನ ಕುಕ್ಕರ್ ಎಳೆಯುವುದು 200ರಿಂದ 300 ವ್ಯಾಟ್. ಮನೆಯ ಇಂಡಕ್ಷನ್ ಒಲೆ ಇದರ ಆರೇಳು ಪಟ್ಟು ಎಳೆಯುತ್ತದೆ ಎಂದರೆ ಇದು ಎಷ್ಟು ಸಣ್ಣ ಉರಿ ಎಂದು ಅಂದಾಜು ಸಿಗುತ್ತದೆ.

ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದುಕೊಳ್ಳುವವರೇ ಹೆಚ್ಚು. ಹೆಚ್ಚಿನ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಜಾಗ, ಕುದಿಯುವ ಹಂತಕ್ಕಿಂತ ತುಸು ಕೆಳಗೆ, 95 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಹೈ ಅಲ್ಲಿಗೆ ಮೂರು-ನಾಲ್ಕು ಗಂಟೆಯಲ್ಲಿ ಮುಟ್ಟುತ್ತದೆ, ಲೋ ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಈ ದಾರಿಯಲ್ಲಿ ಯಾವ ಬಿಸಿಯಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದೇ ಅಡುಗೆಯ ಹಣೆಬರಹ.

ಮಾಂಸದೊಳಗೆ ಆಗುವುದೇನು

ಹಸಿ ಮಾಂಸದಲ್ಲಿ ಎರಡು ಬಗೆಯ ಗಟ್ಟಿತನ ಇರುತ್ತದೆ. ಒಂದು, ಸ್ನಾಯುವಿನ ಎಳೆಗಳದು. ಇನ್ನೊಂದು, ಆ ಎಳೆಗಳನ್ನು ಕಟ್ಟುಕಟ್ಟಾಗಿ ಹಿಡಿದಿಡುವ ಬಿಳಿ ಪೊರೆಗಳದು. ಆ ಪೊರೆಯ ಮುಖ್ಯ ವಸ್ತು ಕೊಲಾಜನ್. ಬಿಸಿ ಏರುತ್ತಾ 60–65 ಡಿಗ್ರಿ ಮುಟ್ಟಿದಾಗ ಈ ಪೊರೆಗಳು ಸಂಕುಚಿಸಿ, ಒದ್ದೆ ಬಟ್ಟೆ ಹಿಂಡಿದಂತೆ ಎಳೆಗಳೊಳಗಿನ ನೀರನ್ನು ಹೊರದಬ್ಬುತ್ತವೆ. ಆ ಹೊತ್ತಿಗೆ ತೆಗೆದು ತಿಂದರೆ ಮಾಂಸ ಒಣಗಿದೆ, ಬಿಗಿದಿದೆ. ನೋಡಿದವರು ಬೇಯಿಸಿದ್ದು ಜಾಸ್ತಿಯಾಯಿತು ಅನ್ನುತ್ತಾರೆ. ನಿಜಕ್ಕೂ ಅದು ಇನ್ನೂ ಬೆಂದಿಲ್ಲ.

70 ಡಿಗ್ರಿ ದಾಟಿದ ಮೇಲೆ ಅದೇ ಕೊಲಾಜನ್ ನಿಧಾನವಾಗಿ ಬಿಚ್ಚಿಕೊಂಡು ಜಿಲಾಟಿನ್ ಆಗತೊಡಗುತ್ತದೆ. ಆಡಿನ ಕಾಲು ಸೂಪು ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಿಸಿಯಿರುವಾಗ ತುಟಿಗೆ ಅಂಟುವ, ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹಲ್ವದಂತೆ ಗಟ್ಟಿಯಾಗುವ ವಸ್ತು ಇದೇ. ಮಾಂಸದೊಳಗೆ ಅದು ಕರಗಿದಾಗ ಎಳೆಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ, ಕಳೆದುಹೋದ ನೀರಿನ ಜಾಗದಲ್ಲಿ ಈ ನುಣುಪು ಬಂದು ಕೂರುತ್ತದೆ. ಆದರೆ ಇದು ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ. ಮಾಂಸದ ನಡುಭಾಗ 90 ಡಿಗ್ರಿ ದಾಟಿ, ಅಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಸ್ಲೋ ಕುಕ್ಕರಿನಲ್ಲಿ ಐದು ಗಂಟೆಗೆ ಮಾಂಸ ಗಟ್ಟಿಯಿದೆ ಎಂದು ಕಂಡರೆ ಮಾಡಬೇಕಾದದ್ದು ಒಂದೇ, ಮುಚ್ಚಳ ಹಾಕಿ ಮತ್ತೆ ಕಾಯುವುದು.

ಹೀಗಾಗಿ ಈ ಅಡುಗೆಗೆ ದುಬಾರಿ ಮಾಂಸ ಕೆಲಸಕ್ಕೆ ಬಾರದು. ಬೆನ್ನಿನ ಟೆಂಡರ್‌ಲಾಯ್ನ್, ಸರ್ಲಾಯ್ನ್ ಇವುಗಳಲ್ಲಿ ಪೊರೆ ಕಡಿಮೆ. ಎಂಟು ಗಂಟೆ ಬೇಯಿಸಿದರೆ ನೀರು ಹೋಗುತ್ತದೆ, ಬದಲಿಗೆ ಬರುವ ಜಿಲಾಟಿನ್ ಇಲ್ಲ, ಉಳಿಯುವುದು ಒಣ ನಾರು. ತೊಡೆಯ ಭಾಗವಾದ ರೌಂಡ್ ಅಗ್ಗಕ್ಕೆ ಸಿಗುತ್ತದೆಂದು ತರುವವರಿದ್ದಾರೆ. ಅದೂ ತೀರಾ ಜಿಡ್ಡಿಲ್ಲದ ಮಾಂಸ, ಒಣಗುತ್ತದೆ. ಬೇಕಾದದ್ದು ಭುಜದ ಭಾಗ. ಅಮೆರಿಕದ ಅಂಗಡಿಗಳಲ್ಲಿ ಚಕ್ ರೋಸ್ಟ್ ಎಂಬ ಚೀಟಿಯೊಂದಿಗೆ ಸಿಗುವುದು ಇದೇ. ದನ ನಡೆಯುವಾಗಲೆಲ್ಲ ದುಡಿದ ಸ್ನಾಯು, ಹಾಗಾಗಿ ಪೊರೆಯೂ ಕೊಬ್ಬಿನ ಗೆರೆಗಳೂ ಎರಡೂ ತುಂಬಿರುತ್ತವೆ. ತುಂಡನ್ನು ಆರಿಸುವಾಗ ಒಳಗೆ ಬಿಳಿ ಕೊಬ್ಬು ದಾರದಂತೆ ಹರಡಿರುವುದನ್ನೇ ಹುಡುಕಿ. ಹೊರಗೆ ಒಂದೇ ಕಡೆ ಗಡ್ಡೆಯಾಗಿ ಕೂತ ಕೊಬ್ಬಿನಿಂದ ಮಾಂಸಕ್ಕೆ ಹೆಚ್ಚಿನ ಲಾಭವಿಲ್ಲ, ಸಾರಿನ ಮೇಲೆ ಎಣ್ಣೆಯಾಗಿ ತೇಲುತ್ತದಷ್ಟೆ.

ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಂತೆ ಕಡಿಯಲು ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಮಾತ್ರ, ಅದೂ ಪ್ರಮಾಣಪತ್ರ ಪಡೆದ ಮೇಲೆ. ವಯಸ್ಸಾದ ಪ್ರಾಣಿಯ ಕೊಲಾಜನ್ ಎಳೆಗಳ ನಡುವಿನ ಬೆಸುಗೆ ಬಿಗಿಯಾಗಿರುತ್ತದೆ, ಬಿಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಕು. ಅಂಥ ಮಾಂಸಕ್ಕೆ ಇಲ್ಲಿ ಹೇಳಿರುವುದಕ್ಕಿಂತ ಎರಡು-ಮೂರು ಗಂಟೆ ಜಾಸ್ತಿ ಹಿಡಿಯಿರಿ. ಬೀಫ್ ತಿನ್ನದವರು ಮೂಳೆ ಸಮೇತ ಆಡು-ಕುರಿಯ ಭುಜದ ತುಂಡುಗಳನ್ನು ಇದೇ ಕ್ರಮದಲ್ಲಿ ಬೇಯಿಸಬಹುದು. ಲೋ ಮೇಲೆ ಆರು-ಏಳು ಗಂಟೆ ಸಾಕಾಗುತ್ತದೆ; ಆಲೂಗಡ್ಡೆಯನ್ನು ಮಾತ್ರ ಇನ್ನಷ್ಟು ಸಣ್ಣಗೆ ಹೆಚ್ಚಬೇಕು.

ಆಲೂಗಡ್ಡೆ ಯಾಕೆ ಹಟ ಹಿಡಿಯುತ್ತದೆ

ಆಲೂಗಡ್ಡೆ ಬೆಂದಿತು ಎನ್ನುವಾಗ ಎರಡು ಕೆಲಸ ಆಗಿರುತ್ತವೆ. ಒಳಗಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಇದು 60–70 ಡಿಗ್ರಿಯಲ್ಲೇ ಮುಗಿಯುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗಬೇಕು. ಇದು ಚೆನ್ನಾಗಿ ನಡೆಯಲು 85 ಡಿಗ್ರಿಗಿಂತ ಮೇಲೆ ಹೋಗಬೇಕು. ಎರಡನೆಯದು ಆಗದಿದ್ದರೆ ಆಲೂಗಡ್ಡೆ ಹಸಿ ರುಚಿ ಕಳೆದುಕೊಂಡಿದ್ದರೂ ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತದೆ.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ ಒಂದಿದೆ. ಆಲೂಗಡ್ಡೆಯಲ್ಲೇ ಇರುವ ಒಂದು ಕಿಣ್ವ 55–65 ಡಿಗ್ರಿಯ ನಡುವೆ ಚುರುಕಾಗಿ, ಪೆಕ್ಟಿನ್‌ಗೆ ಕ್ಯಾಲ್ಸಿಯಂ ಅಂಟಿಕೊಳ್ಳುವ ಹಾಗೆ ಮಾಡುತ್ತದೆ. ಹಾಗೆ ಬಿಗಿದ ಪೆಕ್ಟಿನ್ ಆಮೇಲೆ ಎಷ್ಟು ಕಾಯಿಸಿದರೂ ಸುಲಭಕ್ಕೆ ಸಡಿಲವಾಗದು. ಲೋ ಮೇಲೆ, ತಣ್ಣನೆಯ ನೀರಿನಲ್ಲಿ, ಪಾತ್ರೆಯ ನಡುವೆ ಮಾಂಸದ ಮೇಲೆ ಕೂತ ಆಲೂಗಡ್ಡೆ ಸರಿಯಾಗಿ ಈ ಬಿಸಿಯಲ್ಲೇ ಗಂಟೆಗಟ್ಟಲೆ ಕಳೆಯುತ್ತದೆ. ಸಂಜೆ ಕಚಕಚ ಅನ್ನುವುದು ಅದಕ್ಕೇ.

ಮೂರನೆಯ ಕಾರಣ ಹುಳಿ. ಹುಳಿಸಾರಿಗೆ ತರಕಾರಿ ಬೆಂದ ಮೇಲಷ್ಟೇ ಹುಣಸೆರಸ ಬಿಡುವುದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮೊದಲೇ ಬಿಟ್ಟರೆ ತರಕಾರಿ ಬೇಯದೆ ಹಾಗೇ ನಿಲ್ಲುತ್ತದೆ. ಹುಳಿಯಲ್ಲಿ ಪೆಕ್ಟಿನ್ ಕರಗುವುದು ನಿಧಾನ, ಕಾರಣ ಅದೇ. ಪಾಟ್ ರೋಸ್ಟ್‌ಗೆ ಒಂದು ಡಬ್ಬಿ ಟೊಮೆಟೊ ಅಥವಾ ಒಂದು ಲೋಟ ವೈನ್ ಸುರಿದರೆ ಆಲೂಗಡ್ಡೆಗೂ ಅದೇ ಗತಿ. ಎರಡು ಚಮಚ ಟೊಮೆಟೊ ಪೇಸ್ಟ್‌ನಿಂದ ತೊಂದರೆಯಿಲ್ಲ. ವಿನಿಗರ್ ಕೊನೆಗೆ.

ಆದ್ದರಿಂದ ಆಲೂಗಡ್ಡೆ ತಳದಲ್ಲಿ ಮತ್ತು ಗೋಡೆಗೆ ತಾಗಿ ಇರಬೇಕು, ಅರ್ಧಕ್ಕಿಂತ ಹೆಚ್ಚು ಸಾರಿನಲ್ಲಿ ಮುಳುಗಿರಬೇಕು, ಸುರಿಯುವ ಸಾರು ಬಿಸಿಯಾಗಿರಬೇಕು. ಮಾಂಸ ಅದರ ಮೇಲೆ. ಹೆಚ್ಚಿನವರು ಮಾಂಸ ದೊಡ್ಡದು, ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅದನ್ನು ತಳಕ್ಕೆ ಹಾಕಿ ತರಕಾರಿಯನ್ನು ಮೇಲೆ ಹರಡುತ್ತಾರೆ. ಇದೊಂದನ್ನು ತಿದ್ದಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಜಾತಿಯೂ ಮುಖ್ಯ. ಅಮೆರಿಕದ ರಸೆಟ್ ಆಲೂಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಎಂಟು ಗಂಟೆಗೆ ಪುಡಿಪುಡಿ. ಸಾರನ್ನು ಮಂದ ಮಾಡಲು ಒಂದೆರಡು ಹಾಕಬಹುದೇ ಹೊರತು ತಟ್ಟೆಗೆ ಬಡಿಸಲು ಆಗದು. ಯೂಕಾನ್ ಗೋಲ್ಡ್ ಅಥವಾ ಕೆಂಪು ಸಿಪ್ಪೆಯ ಆಲೂಗಡ್ಡೆ ಆಕಾರ ಉಳಿಸಿಕೊಳ್ಳುತ್ತವೆ. ಊರಲ್ಲಾದರೆ ಸಿಪ್ಪೆ ಉಗುರಿಗೇ ಬರುವ ಹೊಸ ಆಲೂಗಡ್ಡೆ ಒಳ್ಳೆಯದು, ಸಿಪ್ಪೆ ಸಮೇತ ಹಾಕಿ.

ಅಳತೆ

ಇದು ಆರು ಕ್ವಾರ್ಟ್ ಕುಕ್ಕರಿಗೆ, ಆರು ಜನರ ಊಟಕ್ಕೆ. ಚಕ್ ರೋಸ್ಟ್ 1.4 ಕಿಲೋ, ಅಂದರೆ ಮೂರು ಪೌಂಡ್. ಆಲೂಗಡ್ಡೆ 900 ಗ್ರಾಂ. ಕ್ಯಾರೆಟ್ 300 ಗ್ರಾಂ. ದೊಡ್ಡ ಈರುಳ್ಳಿ ಎರಡು. ಬೆಳ್ಳುಳ್ಳಿ ಎಂಟು ಎಸಳು. ಟೊಮೆಟೊ ಪೇಸ್ಟ್ ಎರಡು ದೊಡ್ಡ ಚಮಚ. ವೂಸ್ಟರ್‌ಶೈರ್ ಸಾಸ್ ಒಂದು ದೊಡ್ಡ ಚಮಚ. ಇದರಲ್ಲಿ ಹುಣಸೆಹಣ್ಣೂ ಆಂಚೊವಿ ಎಂಬ ಸಣ್ಣ ಮೀನೂ ಇರುತ್ತವೆ, ಮೀನು ಒಗ್ಗದವರು ಗಮನಿಸಬೇಕು. ಉಪ್ಪಿಲ್ಲದ ಬೀಫ್ ಬ್ರಾತ್ (ಮಾಂಸ ಬೇಯಿಸಿ ತೆಗೆದ ತಿಳಿಸಾರು) ಅಥವಾ ಬರೀ ನೀರು 240 ಮಿಲಿಲೀಟರ್. ಕುಟ್ಟಿದ ಕಾಳುಮೆಣಸು ಒಂದೂವರೆ ಚಿಕ್ಕ ಚಮಚ, ಥೈಮ್ ಎಂಬ ಘಮದ ಒಣ ಸೊಪ್ಪು ಒಂದು ಚಿಕ್ಕ ಚಮಚ, ಬೇ ಲೀಫ್ ಎರಡು. ಎಣ್ಣೆ ಒಂದು ದೊಡ್ಡ ಚಮಚ. ಕೊನೆಗೆ ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚ, ವಿನಿಗರ್ ಒಂದೆರಡು ಚಿಕ್ಕ ಚಮಚ.

ಉಪ್ಪು ಮಾಂಸಕ್ಕೆ 15 ಗ್ರಾಂ, ತರಕಾರಿಗೆ 6 ಗ್ರಾಂ. ಪುಡಿಯುಪ್ಪಾದರೆ ಮಾಂಸಕ್ಕೆ ಎರಡೂವರೆ ಚಿಕ್ಕ ಚಮಚ, ತರಕಾರಿಗೆ ಒಂದು. ಅಮೆರಿಕದ ಪಾಕವಿಧಾನಗಳು ಹೇಳುವ ಕೋಷರ್ ಉಪ್ಪಿನ ಹರಳು ದಪ್ಪ. ಕೆಲವು ಬ್ರಾಂಡುಗಳಲ್ಲಿ ಒಂದು ಚಮಚದ ತೂಕ ಪುಡಿಯುಪ್ಪಿನ ಅರ್ಧದಷ್ಟೇ. ಅವರ ಚಮಚದ ಲೆಕ್ಕವನ್ನು ಪುಡಿಯುಪ್ಪಿಗೆ ಹಾಗೇ ಹಾಕಿದರೆ ಬಾಯಿಗಿಡಲಾಗದು. ತೂಗಿ ಹಾಕುವುದೇ ಕ್ಷೇಮ.

ಒಂದೇ ಕಪ್ ನೀರು ಸಾಲುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಅನ್ನಕ್ಕೆ ಎಸರಿಟ್ಟ ಕೈಗೆ ಮಾಂಸ ಮುಳುಗುವಷ್ಟು ಸುರಿಯಬೇಕೆನಿಸುತ್ತದೆ. ಹಾಗೆ ಮಾಡಬೇಡಿ. ಇಷ್ಟು ಹೊತ್ತು ಬೆಂದ ಮಾಂಸ ತನ್ನ ತೂಕದ ಮೂರನೇ ಒಂದು ಭಾಗವನ್ನು ನೀರು ಮತ್ತು ಕೊಬ್ಬಾಗಿ ಬಿಡುತ್ತದೆ; 1.4 ಕಿಲೋಗೆ ಅದೇ ನಾನೂರು ಗ್ರಾಂಗಿಂತ ಹೆಚ್ಚು. ಈರುಳ್ಳಿಯದ್ದು ಬೇರೆ. ಮುಚ್ಚಳಕ್ಕೆ ಬಡಿದ ಹಬೆಯೂ ಮತ್ತೆ ಒಳಗೇ ಇಳಿಯುತ್ತದೆ, ಹೊರಹೋಗುವುದು ತೀರಾ ಕಡಿಮೆ. ಎರಡು-ಮೂರು ಕಪ್ ಹಾಕಿದರೆ ಸಂಜೆಗೆ ಸಿಗುವುದು ಮಾಂಸ ತೊಳೆದ ನೀರಿನಂಥ ಸಾರು.

ಮಾಡುವ ಬಗೆ

ಸಾಧ್ಯವಾದರೆ ಹಿಂದಿನ ರಾತ್ರಿಯೇ ಮಾಂಸಕ್ಕೆ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಉಪ್ಪು ಒಳಗಿಳಿಯುತ್ತದೆ, ಮೈ ಒಣಗುತ್ತದೆ. ಎರಡೂ ಬೇಕಾದದ್ದೇ. ಪುರುಸೊತ್ತಿಲ್ಲದಿದ್ದರೆ ಮುಕ್ಕಾಲು ಗಂಟೆ ಮುಂಚೆ ಹಚ್ಚಿ, ಬಾಣಲೆಗೆ ಹಾಕುವ ಮೊದಲು ಕಾಗದದಲ್ಲಿ ಒತ್ತಿ ಒರೆಸಿ. ಇಡೀ ತುಂಡನ್ನು ಮೂರು ಅಥವಾ ನಾಲ್ಕು ದೊಡ್ಡ ಭಾಗ ಮಾಡಿ. ಒಂದೇ ಗಡ್ಡೆಯಾಗಿ ಬಿಟ್ಟರೆ ನಡುಭಾಗ ಕಾಯುವುದು ತಡ, ಚಿಕ್ಕ ಚೂರಾಗಿ ಕತ್ತರಿಸಿದರೆ ಒಣಗುತ್ತದೆ.

ದಪ್ಪ ತಳದ ಬಾಣಲೆ ಅಥವಾ ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು, ಮಾಂಸವನ್ನು ಪ್ರತಿ ಮಗ್ಗುಲಿಗೆ ನಾಲ್ಕು ನಿಮಿಷ ಅಲುಗಿಸದೆ ಕೆಂಪಗೆ ಹುರಿಯಿರಿ. ಇದನ್ನು ಬಿಟ್ಟರೂ ಆದೀತು ಎನ್ನುವ ಪಾಕವಿಧಾನಗಳು ಬೇಕಾದಷ್ಟಿವೆ. ಆದೀತು, ಆದರೆ ರುಚಿಯಲ್ಲಿ ವ್ಯತ್ಯಾಸ ದೊಡ್ಡದು. ಮಾಂಸಕ್ಕೆ ಕಂದುಬಣ್ಣವನ್ನೂ ಹುರಿದ ಘಮವನ್ನೂ ಕೊಡುವ ಕ್ರಿಯೆ ಜೋರಾಗುವುದು 140 ಡಿಗ್ರಿಯ ಮೇಲೆ. ಸ್ಲೋ ಕುಕ್ಕರ್ ಜನ್ಮದಲ್ಲಿ 100 ದಾಟುವುದಿಲ್ಲ. ಹದಿನೈದು ನಿಮಿಷದ ಈ ಕೆಲಸವನ್ನು ಎಂಟು ಗಂಟೆಯ ಬೇಯುವಿಕೆ ತುಂಬಿಕೊಡಲಾರದು. ಹುರಿದರೆ ರಸ ಒಳಗೇ ಉಳಿಯುತ್ತದೆ ಎಂಬ ಮಾತು ಮಾತ್ರ ಸುಳ್ಳು. ರಸ ಹೇಗೂ ಹೊರಬರುತ್ತದೆ, ಹುರಿಯುವುದು ರುಚಿಗಾಗಿ.

ಮಾಂಸ ತೆಗೆದು, ಅದೇ ಬಾಣಲೆಗೆ ದಪ್ಪಗೆ ಸೀಳಿದ ಈರುಳ್ಳಿ ಹಾಕಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಜಜ್ಜಿದ ಬೆಳ್ಳುಳ್ಳಿ, ಟೊಮೆಟೊ ಪೇಸ್ಟ್ ಸೇರಿಸಿ ಎರಡು ನಿಮಿಷ, ಪೇಸ್ಟಿನ ಬಣ್ಣ ಇಟ್ಟಿಗೆಯಂತಾಗುವ ತನಕ. ಬ್ರಾತ್ ಸುರಿದು ತಳಕ್ಕೆ ಹಿಡಿದಿರುವುದನ್ನೆಲ್ಲ ಮರದ ಸೌಟಿನಿಂದ ಕೆರೆದು, ಒಂದು ಕುದಿ ಬರಿಸಿ. ವೂಸ್ಟರ್‌ಶೈರ್, ಮೆಣಸು, ಥೈಮ್ ಇದರೊಳಗೇ.

ಆಲೂಗಡ್ಡೆಯನ್ನು ನಾಲ್ಕು ಸೆಂಟಿಮೀಟರ್ ತುಂಡು ಮಾಡಿ. ನಿಂಬೆಹಣ್ಣಿನ ಗಾತ್ರದ ಚಿಕ್ಕವಾದರೆ ಇಡಿಯಾಗಿಯೇ ಇರಲಿ. ಎಲ್ಲವೂ ಒಂದೇ ಅಳತೆಯಿರುವುದು ಮುಖ್ಯ. ಕ್ಯಾರೆಟ್ ಆಲೂಗಡ್ಡೆಗಿಂತಲೂ ನಿಧಾನ, ಅದನ್ನು ಇನ್ನೂ ಸ್ವಲ್ಪ ಚಿಕ್ಕದು ಮಾಡಿ. ಹೆಚ್ಚುವ ಕೆಲಸ ಕೊನೆಗಿರಲಿ, ಮೊದಲೇ ಹೆಚ್ಚಿದರೆ ನೀರಲ್ಲಿ ಮುಳುಗಿಸಿಡಿ. ಗಾಳಿಗೆ ತೆರೆದ ಆಲೂಗಡ್ಡೆ ಕಪ್ಪಾಗುತ್ತದೆ, ಕುಕ್ಕರಿನೊಳಗೂ ಸಾರಿನಿಂದ ಮೇಲೆ ಉಳಿದ ತುಂಡು ಬೂದಿಬಣ್ಣಕ್ಕೆ ತಿರುಗುತ್ತದೆ. ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ.

ಆಲೂಗಡ್ಡೆ, ಕ್ಯಾರೆಟ್ ತಳಕ್ಕೆ, ಅದರ ಮೇಲೆ ತರಕಾರಿಯ ಪಾಲಿನ ಉಪ್ಪು, ಬೇ ಲೀಫ್, ಬಿಸಿ ಈರುಳ್ಳಿ-ಸಾರು. ಎಲ್ಲಕ್ಕೂ ಮೇಲೆ ಮಾಂಸ, ಕೊಬ್ಬಿನ ಮಗ್ಗುಲು ಮೇಲಕ್ಕೆ. ಪಾತ್ರೆ ಅರ್ಧದಿಂದ ಮೂರನೇ ಎರಡರಷ್ಟು ತುಂಬಿರಬೇಕು. ಕಮ್ಮಿಯಿದ್ದರೆ ಬೇಗ ಬೆಂದು ಅಂಚು ಸೀಯುತ್ತದೆ, ಕಂಠಮಟ್ಟ ತುಂಬಿದರೆ ಕಾಯುವುದೇ ಇಲ್ಲ. ಲೋ ಮೇಲೆ ಎಂಟರಿಂದ ಒಂಬತ್ತು ಗಂಟೆ, ಹೈ ಮೇಲೆ ಐದರಿಂದ ಆರು. ಆಯ್ಕೆ ಇದ್ದರೆ ಲೋ ಒಳ್ಳೆಯದು. ಹೈ ಮೇಲೆ ಮಾಂಸ ಹದಕ್ಕೆ ಬರುವಷ್ಟರಲ್ಲಿ ಅಂಚಿನ ಆಲೂಗಡ್ಡೆ ಮುದ್ದೆಯಾಗಲು ಶುರು.

ಮುಚ್ಚಳ ತೆಗೆದು ನೋಡುವ ಚಪಲ ಬೇಡ. ಇಷ್ಟು ಸಣ್ಣ ಕಾವಿಗೆ ಹೊರಟುಹೋದ ಬಿಸಿಯನ್ನು ಮತ್ತೆ ಕೂಡಿಸಲು ಪ್ರತಿ ಸಲ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲ ಆರು ಗಂಟೆ ಮುಟ್ಟಲೇಬೇಡಿ. ಬೆಂದಿದೆಯೇ ಎಂದು ತಿಳಿಯಲು ಫೋರ್ಕ್ ಚುಚ್ಚಿ ತಿರುಗಿಸಿ: ಮಾಂಸ ಅಡ್ಡಿಯಿಲ್ಲದೆ ಬಿಡಿಸಿಕೊಂಡರೆ ಆಯಿತು. ಥರ್ಮಾಮೀಟರ್ ಇದ್ದವರಿಗೆ ನಡುವೆ 93ರಿಂದ 96 ಡಿಗ್ರಿ ಕಾಣುತ್ತದೆ.

ಆಮೇಲೆ ಮಾಂಸ, ತರಕಾರಿ ತೆಗೆದಿಟ್ಟು, ಸಾರನ್ನು ಒಂದು ಬಾಣಲೆಗೆ ಬಗ್ಗಿಸಿ. ಮೇಲೆ ನಿಂತ ಕೊಬ್ಬನ್ನು ಸೌಟಿನಲ್ಲಿ ತೆಗೆದು ಹಾಕಿ, ಜೋರು ಉರಿಯಲ್ಲಿ ಕುದಿಸಿ. ಕಾರ್ನ್‌ಫ್ಲೋರನ್ನು ಮೂರು ಚಮಚ ತಣ್ಣೀರಿನಲ್ಲಿ ಕದಡಿ ಬಿಟ್ಟು, ತಿರುವುತ್ತಾ ಎರಡು ನಿಮಿಷ. ಕುಕ್ಕರಿನೊಳಗೇ ಮಂದ ಮಾಡುತ್ತೇವೆಂದು ಬಿಟ್ಟರೆ ಹೈ ಮೇಲೂ ಅರ್ಧ ಗಂಟೆ ಹಿಡಿಯುತ್ತದೆ, ಹಿಟ್ಟಿನ ಹಸಿವಾಸನೆ ಉಳಿದುಬಿಡುವ ಸಂಭವವೂ ಇದೆ. ಅಮೆರಿಕದಲ್ಲಿರುವವರಿಗೆ ಒಂದು ಮಾತು: ಊರಿನಲ್ಲಿ ನಾವು ಕಾರ್ನ್‌ಫ್ಲೋರ್ ಅನ್ನುವ ಬಿಳಿ ಪುಡಿಗೆ ಅಲ್ಲಿನ ಹೆಸರು ಕಾರ್ನ್‌ಸ್ಟಾರ್ಚ್. ಅಲ್ಲಿ ಕಾರ್ನ್ ಫ್ಲೋರ್ ಎಂದು ಬರೆದಿರುವುದು ಮೆಕ್ಕೆಜೋಳದ ಹಿಟ್ಟು, ಅದು ಈ ಕೆಲಸಕ್ಕಲ್ಲ. ಕೊನೆಗೆ ವಿನಿಗರ್ ಹನಿಸಿ ರುಚಿ ನೋಡಿ. ಎಂಟು ಗಂಟೆ ಬೆಂದ ಸಾರಿನ ರುಚಿ ಮಂಕಾಗಿರುತ್ತದೆ, ಈ ಹುಳಿಯೇ ಅದನ್ನು ಎಬ್ಬಿಸುತ್ತದೆ.

ನಮ್ಮ ಮಸಾಲೆ ಹಾಕುವುದಾದರೆ

ಕೊತ್ತಂಬರಿ, ಒಣಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ ಇದರಲ್ಲೇ ಸಾರು ಮಾಡಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾಡಬಹುದು. ಆದರೆ ರುಬ್ಬಿದ ಮಸಾಲೆಯನ್ನು ಹಸಿಯಾಗಿ ಕುಕ್ಕರಿಗೆ ಹಾಕಿದರೆ ಹತ್ತು ಗಂಟೆ ಬೆಂದರೂ ಹಸಿವಾಸನೆ ಹೋಗುವುದಿಲ್ಲ. ಒಲೆಯ ಮೇಲೆ ಎಣ್ಣೆ ಬಿಡುವ ತನಕ ಮಸಾಲೆ ಹುರಿಯುವಾಗ ನೀರು ಹಾರಿ ಬಿಸಿ 100 ದಾಟುತ್ತದೆ. ಇಲ್ಲಿ ನೀರು ಹಾರುವ ದಾರಿಯೇ ಇಲ್ಲ. ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೂ ಇದೇ ಮಾತು. ಮೊದಲು ಬಾಣಲೆಯಲ್ಲಿ ಪೂರ್ತಿ ಹುರಿದು, ಆಮೇಲೆ ಕುಕ್ಕರಿಗೆ. ಲವಂಗ, ಚಕ್ಕೆಯಂಥ ಇಡೀ ಮಸಾಲೆಯನ್ನು ದಿನವಹಿ ಅಳತೆಯ ಅರ್ಧ ಹಾಕಿ, ಹೊತ್ತು ಹೋದಂತೆ ಅವು ಸಾರನ್ನೆಲ್ಲ ಆವರಿಸಿ ಕಹಿ ಬಿಡುತ್ತವೆ. ಗರಂ ಮಸಾಲೆ, ಕೊತ್ತಂಬರಿ ಸೊಪ್ಪು ಕಡೆಯ ಹತ್ತು ನಿಮಿಷಕ್ಕೆ. ಕಾಯಿಹಾಲು, ಕೆನೆ, ಮೊಸರು ಯಾವುದೂ ಮೊದಲೇ ಬೇಡ, ಒಡೆಯುತ್ತವೆ. ಕೊನೆಯ ಇಪ್ಪತ್ತು ನಿಮಿಷ ಸಾಕು.

ರಾಜ್ಮಾ ಸೇರಿಸುವ ಆಸೆಯಿದ್ದರೆ ಎಚ್ಚರ ಬೇಕು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷವಸ್ತು ಸ್ಲೋ ಕುಕ್ಕರಿನ ಕಾವಿಗೆ ನಾಶವಾಗದೆ ಉಳಿಯಬಹುದು. ವಾಂತಿ, ಭೇದಿ ಹಿಡಿಸುತ್ತದೆ. ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲಷ್ಟೇ ಇದಕ್ಕೆ ಹಾಕಬೇಕು.

ತಪ್ಪಬಾರದ ಕೆಲವು ಎಚ್ಚರಿಕೆ

ಮಾಂಸ ಫ್ರೀಜರಿನದ್ದಾದರೆ ಪೂರ್ತಿ ಕರಗಿರಬೇಕು. ರೋಗಾಣುಗಳು ಬೆಳೆಯುವುದು 4ರಿಂದ 60 ಡಿಗ್ರಿಯ ನಡುವೆ. ಹೆಪ್ಪುಗಟ್ಟಿದ ಗಡ್ಡೆ ಈ ಕಾವಿನಲ್ಲಿ ಆ ಅಂತರವನ್ನು ದಾಟಲು ತುಂಬಾ ಹೊತ್ತು ಹಿಡಿಯುತ್ತದೆ. ರಾತ್ರಿಯೇ ಎಲ್ಲ ಜೋಡಿಸಿ ಪಿಂಗಾಣಿ ಪಾತ್ರೆ ಸಮೇತ ಫ್ರಿಜ್ಜಿನಲ್ಲಿಡುವುದೂ ಇದೇ ಕಾರಣಕ್ಕೆ ಸರಿಯಲ್ಲ, ತಣ್ಣಗಿನ ದಪ್ಪ ಪಾತ್ರೆಯೇ ಕಾಯಲು ಗಂಟೆ ತಿನ್ನುತ್ತದೆ. ಮಾಂಸ, ತರಕಾರಿ ಬೇರೆ ಬೇರೆ ಡಬ್ಬಿಯಲ್ಲಿರಲಿ. ಟೈಮರ್ ಹಾಕಿ ಹಸಿ ಮಾಂಸವನ್ನು ಗಂಟೆಗಟ್ಟಲೆ ಹಾಗೇ ಬಿಡಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟು ಹೋಗಿ ಬಂದಿದ್ದರೆ, ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ, ನೋಡಲು ಚೆನ್ನಾಗಿದ್ದರೂ ಆ ಅಡುಗೆಯನ್ನು ಎಸೆಯಲೇಬೇಕು. ನೀವು ಅಲ್ಲೇ ಇದ್ದರೆ ತಕ್ಷಣ ಗ್ಯಾಸ್ ಒಲೆಗೆ ವರ್ಗಾಯಿಸಿ.

ಹಳೆಯ ಕುಕ್ಕರ್ ಸರಿಯಾಗಿ ಕಾಯುತ್ತಿದೆಯೇ ಎಂದು ನೋಡಲು ಅರ್ಧಕ್ಕಿಂತ ತುಸು ಮೇಲೆ ನೀರು ತುಂಬಿ ಲೋ ಮೇಲೆ ಎಂಟು ಗಂಟೆ ಇಟ್ಟು, ಮುಚ್ಚಳ ತೆಗೆದ ಕೂಡಲೇ ಬಿಸಿ ಅಳೆಯಿರಿ. 85 ಡಿಗ್ರಿ ಅಥವಾ ಮೇಲಿದ್ದರೆ ಸರಿ. ಕಡಿಮೆಯಿದ್ದರೆ ಅದರಲ್ಲಿ ಮಾಂಸ ಬೇಯಿಸಬೇಡಿ; ಆಲೂಗಡ್ಡೆ ಬೇಯದಿರುವುದಕ್ಕೂ ಅದೇ ಕಾರಣವಿರಬಹುದು.

ಅಮೆರಿಕದಿಂದ ಊರಿಗೆ ವಾಪಸಾಗುವವರು ಸ್ಲೋ ಕುಕ್ಕರನ್ನೂ ಕಟ್ಟಿಕೊಂಡು ಬರುವುದುಂಟು. ಅಲ್ಲಿನದು 120 ವೋಲ್ಟ್, ನಮ್ಮದು 230. ಪ್ಲಗ್ ಬದಲಿಸುವ ಚಿಕ್ಕ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದನ್ನು ನಂಬಿ ಚುಚ್ಚಿದರೆ ತಂತಿಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಹರಿದು ಸುಟ್ಟುಹೋಗುತ್ತದೆ. 250 ವ್ಯಾಟಿನ ಕುಕ್ಕರಿಗೆ ವೋಲ್ಟೇಜ್ ಇಳಿಸುವ 500 ವಿಎ (ವೋಲ್ಟ್-ಆಂಪಿಯರ್) ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದಿಲ್ಲದವರು ಪ್ರೆಶರ್ ಕುಕ್ಕರಿನಲ್ಲಿ ಮಾಡಬಹುದು: ಅಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಇರುವುದರಿಂದ ಮಾಂಸಕ್ಕೆ ಸಣ್ಣ ಉರಿಯಲ್ಲಿ ಐವತ್ತು ನಿಮಿಷ ಸಾಕು, ಆಲೂಗಡ್ಡೆಯನ್ನು ಮಾಂಸ ಬೆಂದ ಮೇಲೆ ಹಾಕಿ ಎರಡು ಕೂಗು.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗಿಡಿ, ಮೂರು-ನಾಲ್ಕು ದಿನ ಇರುತ್ತದೆ. ಮಾಂಸವನ್ನು ಸಾರಿನಲ್ಲಿ ಮುಳುಗಿಸಿಯೇ ಇಡಬೇಕು, ಇಲ್ಲವಾದರೆ ಒಣಗುತ್ತದೆ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತಟ್ಟೆಯಂತೆ ಎತ್ತಿ ತೆಗೆಯಬಹುದು, ತಣ್ಣಗಿರುವಾಗ ಮಾಂಸವನ್ನು ಪುಡಿಯಾಗದಂತೆ ಸೀಳಲೂ ಬಹುದು. ಬಿಸಿ ಮಾಡುವುದು ಒಲೆಯಲ್ಲಿ, 74 ಡಿಗ್ರಿ ಮುಟ್ಟುವಂತೆ. ತಣ್ಣಗಾದದ್ದನ್ನು ಸ್ಲೋ ಕುಕ್ಕರಿನಲ್ಲಿ ಕಾಯಿಸಬಾರದು. ಫ್ರೀಜರಿಗೆ ಮಾಂಸ, ಸಾರು ಎರಡೂ ಹೋಗುತ್ತವೆ. ಆಲೂಗಡ್ಡೆ ಹೆಪ್ಪುಗಟ್ಟಿ ಕರಗಿದರೆ ಸ್ಪಂಜಿನಂತಾಗುತ್ತದೆ, ಅದನ್ನು ಮೊದಲೇ ತೆಗೆದು, ಕಿವುಚಿ ಸಾರಿಗೆ ಬೆರೆಸಿಬಿಡಿ. ಹಾಗೆ ಮಂದವಾದ ಸಾರು ರಾಗಿಮುದ್ದೆಗೆ ಚೆನ್ನಾಗಿ ಹೊಂದುತ್ತದೆ.